ಆಸರೆಯ ಹಲಗೆಗಳು

ಹಲಗೆ ಬರುವವರೆಗೂ ಯಾರೂ ಕಂದಕಕ್ಕೆ ಇಳಿಯುವುದು ಬೇಡ ಎಂದು ಹೇಳಿ ಮುಗಿಸಿದ ಮೇಲೆ ಸಂಗನಬಸಪ್ಪನಿಗೆ ಆ ಮಾತು ಪಕ್ಕದಲ್ಲಿ ನಿಂತ ಬೇರೆ ಯಾರೋ ಆಡಿದಂತೆ ಕೇಳಿಸಿತು. ಅಣೆಕಟ್ಟಿನ ನೆತ್ತಿಯ ಮೇಲೆ ಒಂಬತ್ತೂವರೆಗೇ ಬಿಸಿಲು ಚುರುಕಾಗಿತ್ತು. ಅಕ್ಟೋಬರಿನ ಒಣಹುಲ್ಲು ಹೊದ್ದ ಗುಡ್ಡಗಳ ಆಚೆ ಡ್ಯಾನ್‌ವಿಲ್‌ನ ಹೊಸ ಮನೆಗಳ ಮಾಡುಗಳು ಸಾಲಾಗಿ ಕಾಣುತ್ತಿದ್ದವು; ಅವುಗಳಲ್ಲೊಂದು ಅವನದೇ. ದೊಡ್ಡ ಭೂಕಂಪವಾದರೆ ಈ ಹಳೆಯ ಮಣ್ಣಿನ ಅಣೆಕಟ್ಟು ತಡೆದೀತೇ ಎಂದು ಪರೀಕ್ಷೆ ಮಾಡಿ ಹೇಳುವ ಕೆಲಸ ಅವನ ಕಂಪನಿಗೆ ಬಂದಿತ್ತು. ಕೆರೆಯ ನೀರು ಇಳಿಸಿ, ನೆತ್ತಿಯಿಂದ ಒಂಬತ್ತು ಅಡಿ ಆಳಕ್ಕೆ ಯಂತ್ರದಿಂದ ಕಂದಕ ತೋಡಿಸಿದ್ದರು. ಒಬ್ಬ ಮನುಷ್ಯ ಭುಜ ಓರೆ ಮಾಡದೆ ನಿಲ್ಲಬಹುದಾದಷ್ಟೇ ಅಗಲ. ಇನ್ನು ಯಾರಾದರೂ ಕೆಳಗಿಳಿದು ಗೋಡೆಯನ್ನು ಕೆರೆದು ಹಸನು ಮಾಡಿದರೆ, 1878ರಲ್ಲಿ ಕಟ್ಟಿದವರು ಮಣ್ಣನ್ನು ಹೇಗೆ ಹಾಸಿದ್ದಾರೆಂದು ಸಂಗನಬಸಪ್ಪ ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಕೆರೆಯಬೇಕಾದವನು ಎಸ್ತೆಬಾನ್, ಮೆಕ್ಸಿಕೋದಿಂದ ಬಂದ ಐವತ್ತರ ಮೇಲಿನ ಕೂಲಿಕಾರ. ಗಿಡ್ಡ ಗುದ್ದಲಿ ಹಿಡಿದು ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಮಾತು ನಡೆಯುತ್ತಿದ್ದುದು ಅವನ ಜೀವದ ಬಗ್ಗೆ ಎಂದು ಗೊತ್ತಿದ್ದೂ ಅವನು ದೂರದ ಹದ್ದೊಂದನ್ನು ನೋಡುತ್ತಿದ್ದ.

"ಸ್ಯಾಮ್, ಇದು ಮರಳಲ್ಲ," ಎಂದ ಹ್ಯಾರಲ್ಡ್ ಬೀಲ್, ಕಂಪನಿಯ ಯಜಮಾನ. ಹನ್ನೆರಡು ವರ್ಷದಿಂದ ಅವನ ಬಾಯಲ್ಲಿ ಸಂಗನಬಸಪ್ಪ ಸ್ಯಾಮ್ ಆಗಿದ್ದ. "ನೂರಾ ಆರು ವರ್ಷ ನಿಂತ ಜೇಡಿ. ಹತ್ತು ನಿಮಿಷ ಇಳಿದು ಕೆರೆದು ಬರುತ್ತಾನೆ. ಅಷ್ಟಕ್ಕೆ ಒಂದು ದಿನ ಕಾಯೋದಾ?"

"ಐದು ಅಡಿ ದಾಟಿದರೆ ಆಸರೆ ಕೊಡಬೇಕು. ಕಾನೂನಿದೆ."

"ಕಾನೂನು ನನಗೂ ಗೊತ್ತು. ನಿನ್ನ ಅಂದಾಜು ಏನು ಹೇಳು. ಬೀಳುತ್ತಾ ಇದು?"

ಬೀಳುವುದಿಲ್ಲ ಎಂದೇ ಅವನ ಅಂದಾಜು. ಗೋಡೆ ಚಾಕುವಿನಿಂದ ಕೊಯ್ದ ಬೆಲ್ಲದ ಅಚ್ಚಿನ ಹಾಗೆ ನುಣುಪಾಗಿ ನಿಂತಿತ್ತು, ಎಲ್ಲೂ ಒಂದು ಕೂದಲೆಳೆಯ ಬಿರುಕಿರಲಿಲ್ಲ. ಆದರೆ ಊರ ಕಡೆಯ ಹಳೆಯ ಗೋಡೆಯೊಂದು ಕಣ್ಣಿಗೆ ಅಡ್ಡ ಬಂತು. ಆ ಗೋಡೆಯ ನೆತ್ತಿಯಲ್ಲಿ ಬಿರುಕಿತ್ತು. ಬಾಗಲಕೋಟೆಯ ಆಚೆ, ಕಾಲುವೆಗೆಂದು ತೋಡಿದ ಹದಿನಾಲ್ಕು ಅಡಿ ಆಳದ ತಗ್ಗು. ಅಂಚಿನಿಂದ ಒಂದು ಮೊಳ ಹಿಂದೆ, ಅಂಚಿಗೆ ಸಮನಾಗಿ, ಹುಣಸೆಬೀಜ ತೂರುವಷ್ಟು ಅಗಲದ ಸೀಳು. ಅವನಿಗೆ ಆಗ ಇಪ್ಪತ್ತಾರು, ಆ ಕೆಲಸದ ಕಿರಿಯ ಎಂಜಿನಿಯರ್. ಬುಟ್ಟಿ ಹೊರುವ ನಾಗವ್ವ ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಾಹೇಬರ ಎದುರು ಬರಿತಲೆಯಲ್ಲಿ ನಿಂತೆನೆಂದು ಸೆರಗು ಎಳೆದುಕೊಂಡು ಹೇಳಿದ್ದಳು: "ಸಾಹೇಬ್ರ, ಮಣ್ಣು ಉಸುರಾಡಾಕತ್ತೈತ್ರಿ. ಬೆಳಗಿನಿಂದ ನೋಡಾಕತ್ತೀನ್ರಿ." ಅವನು ನಗಲಿಲ್ಲ. ಅದೊಂದು ಸಮಾಧಾನವನ್ನು ಹದಿನೈದು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ. ಮೋಟರ್‌ಸೈಕಲ್ ಹತ್ತಿ ಹೋಗಿ ದೊಡ್ಡ ಸಾಹೇಬ ವ್ಯಾಸರಾಜರಿಗೆ ಹೇಳಿದ್ದ, ಮರ ಬೇಕು, ಮರ ಬರುವ ತನಕ ಕೆಲಸ ನಿಲ್ಲಿಸಬೇಕು ಅಂತ. ವ್ಯಾಸರಾಜರು ಎಲೆ ಅಡಿಕೆ ಜಗಿಯುತ್ತ, "ಕೆಲಸ ನಿಲ್ಲಸಿದ್ರ ಸೋಮವಾರ ಮಂತ್ರಿಗಳು ಬಂದಾಗ ಏನು ತೋರಸ್ತೀರಿ? ಈ ತಗ್ಗು ತೋರಸ್ತೀರೇನು?" ಎಂದರು. ಅವನು ವಾಪಸು ಬಂದ. ನಾಗವ್ವ ಅವನ ಮುಖ ನೋಡಿದಳು, ಏನೂ ಕೇಳದೆ ಸಿಂಬಿ ಇಟ್ಟುಕೊಂಡು ಇಳಿದಳು. ಮಧ್ಯಾಹ್ನ ಗೋಡೆ ಕೂತಿತು. ಮೂವರು ಗಂಡಸರು ಮತ್ತು ನಾಗವ್ವ.

ವರದಿ ಬರೆದವನು ಅವನೇ. ವ್ಯಾಸರಾಜರು ಹೇಳಿದರು, ಅವನು ಬರೆದ. ಸೂಚನೆಗಳನ್ನು ಲೆಕ್ಕಿಸದೆ ಕೆಲಸ ಮಾಡಿದ ಕೂಲಿಗಳ ಸ್ವಂತ ಅಜಾಗರೂಕತೆಯಿಂದ ಸಂಭವಿಸಿದ್ದು. ಒಳ್ಳೆಯ ಇಂಗ್ಲಿಷ್ ವಾಕ್ಯ. ಅದರಲ್ಲಿ ಒಂದು ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಅವನು ಎರಡು ಸಲ ಯೋಚಿಸಿದ್ದು ನೆನಪಿದೆ. ಮೂರನೆಯ ದಿನ ಬೆಂಗಳೂರಿಗೆ ಹೊರಟಾಗ ವ್ಯಾಸರಾಜರು ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದುಕೊಟ್ಟರು: ಅಮೆರಿಕದ ವಿಶ್ವವಿದ್ಯಾಲಯಕ್ಕೆ ಶಿಫಾರಸು ಪತ್ರ. ಕೇಳಿ ನಾಲ್ಕು ತಿಂಗಳಾಗಿತ್ತು, ಕೊಟ್ಟಿರಲಿಲ್ಲ. "ಭಾಳ ಜವಾಬ್ದಾರಿ ಮನಷ್ಯಾ ಅಂತ ಬರದೀನಿ," ಎಂದರು. ಬರ್ಕ್ಲಿಯ ತರಗತಿಗಳಲ್ಲಿ, ಫಾಸ್ಟರ್ ಸಿಟಿಯಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, "ನಿಮ್ ಕಡೆ ಕನ್ನಡ ಕೇಳೋಕೇ ಒಂಥರಾ ಮಜಾ ರೀ, ಇನ್ನೊಂದ್ಸಲ ಹೇಳಿ" ಎಂದು ಮೈಸೂರಿನ ಡಾಕ್ಟರರೊಬ್ಬರು ಅವನನ್ನು ನಿಲ್ಲಿಸಿ ಸುತ್ತಲಿನವರನ್ನು ನಗಿಸಿದಾಗ, ಆ ಲಕೋಟೆಯ ದಪ್ಪ ಕಾಗದ ಬೆರಳಿಗೆ ತಾಕುತ್ತಿತ್ತು. ನಕ್ಕು ಇನ್ನೊಂದು ಸಲ ಹೇಳಿ ತೋರಿಸುತ್ತಿದ್ದ.

ಇಷ್ಟು ದಿನ ತಳದಲ್ಲಿ ಕೂತಿದ್ದದ್ದು ಕದಡಿದ್ದು ಮೂರು ವಾರದ ಹಿಂದೆ. ವರದಿಯಲ್ಲಿ ಅಣೆಕಟ್ಟಿನ ಇತಿಹಾಸದ ಭಾಗವನ್ನು ಹ್ಯಾರಲ್ಡ್ ಅವನಿಗೇ ವಹಿಸಿದ್ದ, ನಿನ್ನ ಬ್ರಿಟಿಷ್ ಇಂಗ್ಲಿಷ್ ಚೆನ್ನಾಗಿದೆ ಎಂದು ಬೆನ್ನು ತಟ್ಟಿ. ಓಕ್‌ಲಂಡಿನ ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಕಂಪನಿಯ ಕಾಗದಗಳಿದ್ದವು. ಟ್ರಾಸ್ಕ್ ಎಂಬ ಒಬ್ಬ ಮನುಷ್ಯ ಒಂದಿಡೀ ಕಣಿವೆಯನ್ನೂ ಅದರ ಹೊಳೆಯನ್ನೂ ಕೊಂಡು, ಕೊಲ್ಲಿಯ ದಂಡೆಯ ಸಕ್ಕರೆ ಕಾರ್ಖಾನೆಗಳಿಗೆ, ಸಿಡಿಮದ್ದಿನ ಗಿರಣಿಗಳಿಗೆ, ರೈಲು ಕಂಪನಿಯ ಉಗಿಬಂಡಿಗಳಿಗೆ ನೀರು ಮಾರಿದ್ದ. ಆ ಧೈರ್ಯಕ್ಕೆ ಸಂಗನಬಸಪ್ಪ ಮನಸೋತಿದ್ದ. ಹದಿನಾಲ್ಕು ಮೈಲಿ ಕಬ್ಬಿಣದ ಕೊಳವೆ, ಅದೂ ಆ ಕಾಲದಲ್ಲಿ. ಕಟ್ಟಿದವರು ಎಂಟುನೂರು ಜನ ಚೀನೀಯರು. ಗುಡ್ಡ ಕೊರೆದು ರೈಲುಹಳಿ ಹಾಸುವ ಕೆಲಸ ಮುಗಿದ ಮೇಲೆ ಇಲ್ಲಿಗೆ ಬಂದವರು. ಟ್ರಾಸ್ಕನ ಮೇಲ್ವಿಚಾರಕನ ಕಾಗದಗಳ ಬರವಣಿಗೆ ಇರುವೆ ಹರಿದ ಹಾಗಿತ್ತು. ಅವನು ಕಣ್ಣು ಕಿರಿದು ಮಾಡಿ ಹೆಣಗುತ್ತಿರುವುದನ್ನು ಎದುರು ಮೇಜಿನ ಮುದುಕಿಯೊಬ್ಬಳು ನೋಡಿ ಎದ್ದು ಬಂದಳು. ಎಡ್ನಾ ಲಮ್ ಎಂದು ಹೆಸರು, ಓಕ್‌ಲಂಡಿನವಳೇ, ನಲವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ದುಡಿದವಳು. ತನ್ನ ಅಜ್ಜ ಈ ಕಟ್ಟೆಯಲ್ಲಿ ಕೆಲಸ ಮಾಡಿದ್ದ, ಅವನ ಹೆಸರು ಎಲ್ಲಾದರೂ ಸಿಕ್ಕೀತೇ ಎಂದು ಎರಡು ವರ್ಷದಿಂದ ಈ ಪೆಟ್ಟಿಗೆಗಳನ್ನು ಓದುತ್ತಿದ್ದಳು. "ಇವನ ಅಕ್ಷರ ನನಗೆ ಅಭ್ಯಾಸವಾಗಿದೆ," ಎಂದು ಪಕ್ಕದಲ್ಲಿ ಕೂತು, ಬೆರಳಿಟ್ಟು ಓದಿ ಹೇಳಿದಳು. ಫೆಬ್ರವರಿ ಎಂಟರ ಕಾಗದ: ಎಡದಂಡೆಯ ಕಂದಕಕ್ಕೆ ಮರ ಬೇಕೆಂದು ಚೀನೀಯರು ಕೇಳುತ್ತಿದ್ದಾರೆ, ನೆಲ ಚೆನ್ನಾಗಿ ನಿಂತಿದೆ, ಅಗತ್ಯವಿಲ್ಲ. ಫೆಬ್ರವರಿ ಹದಿನೈದರ ಕಾಗದ: ಎಡದಂಡೆಯ ಕಂದಕ ಕುಸಿದು ಏಳು ಮಂದಿ ಚೀನೀಯರು ಸತ್ತರು, ಸೂಚನೆಗಳನ್ನು ಲೆಕ್ಕಿಸದ ಅವರ ಸ್ವಂತ ಅಜಾಗರೂಕತೆಯಿಂದ.

ಅದೇ ವಾಕ್ಯ. ಅಲ್ಪವಿರಾಮವೂ ಅದೇ ಜಾಗದಲ್ಲಿ. ನೂರು ವರ್ಷದ ಹಿಂದೆ ಸತ್ತ, ಮುಖವೇ ಕಾಣದ ಒಬ್ಬ ಬಿಳಿಯನ ಕೈ ತನ್ನ ಮಣಿಕಟ್ಟಿನೊಳಗಿಂದ ಹೊರಬಂದಂತಾಗಿ ಸಂಗನಬಸಪ್ಪ ಕೈಯನ್ನು ಮೇಜಿನಿಂದ ಕೆಳಗೆ ತೆಗೆದುಕೊಂಡ. ಎಡ್ನಾ ಲಮ್ ಗಮನಿಸಲಿಲ್ಲ. "ಇದಾದ ಮೇಲಿನದು ಕೇಳಿ," ಎಂದು ಹಾಳೆ ತಿರುಗಿಸಿದಳು. ಚೀನೀಯರು ಕೆಲಸ ನಿಲ್ಲಿಸಿದ್ದಾರೆ. ಗುಡ್ಡದ ಇಳಿಜಾರಿನಲ್ಲಿ ಎಂಟುನೂರು ಜನ ಸುಮ್ಮನೆ ಕೂತಿದ್ದಾರೆ, ಗಲಾಟೆಯಿಲ್ಲ, ಕುಡಿತವಿಲ್ಲ. ಅಕ್ಕಿಯ ಗಾಡಿ ನಿಲ್ಲಿಸಲು ಅಪ್ಪಣೆ ಕೊಟ್ಟಿದ್ದೇನೆ. ಮರುದಿನ: ಇನ್ನೂ ಕೂತಿದ್ದಾರೆ. ಮೂರನೆಯ ದಿನ: ಚಹ ಕಾಸಿ ಕುಡಿಯುತ್ತಿದ್ದಾರೆ. ನಾಲ್ಕನೆಯ ದಿನದ ಕಾಗದ ಒಂದೇ ಸಾಲು: ಮರ ಕಳಿಸಿ. "ನನ್ನಜ್ಜ ಹೇಳುತ್ತಿದ್ದ," ಎಂದಳು ಮುದುಕಿ, "ಆ ನಾಲ್ಕು ದಿನ ಹಸಿದಷ್ಟು ಯಾವತ್ತೂ ಹಸಿದಿರಲಿಲ್ಲವಂತೆ. ಆ ನಾಲ್ಕು ದಿನ ಕಂಡಷ್ಟು ಚಂದ ಈ ಗುಡ್ಡಗಳು ಮತ್ತೆ ಯಾವತ್ತೂ ಕಾಣಲಿಲ್ಲವಂತೆ."

ಈಗ ಅವೇ ಗುಡ್ಡಗಳ ನಡುವೆ ಹ್ಯಾರಲ್ಡ್ ಅವನ ಉತ್ತರಕ್ಕಾಗಿ ಕಾಯುತ್ತಿದ್ದ. "ಬೀಳೋದಿಲ್ಲ ಅಂತ ಅನ್ಸುತ್ತೆ," ಎಂದ ಸಂಗನಬಸಪ್ಪ. "ಆದರೂ ಇಳಿಸೋದಿಲ್ಲ." ಹ್ಯಾರಲ್ಡ್ ಟೋಪಿ ತೆಗೆದು ನೆತ್ತಿ ಒರೆಸಿಕೊಂಡ. ಯಂತ್ರ ನಡೆಸುವವನಿಗೆ ಕೇಳಿಸುವ ಹಾಗೆ, ಇಷ್ಟು ಅಂಜುವವನಿಗೆ ಮಣ್ಣಿನ ಕೆಲಸ ಯಾಕೆ, ಪುಸ್ತಕದಂಗಡಿ ಇಡಬಹುದಿತ್ತಲ್ಲ ಎಂದ. ಯಂತ್ರದವನು ನಕ್ಕ. ಸಂಗನಬಸಪ್ಪನ ಕಿವಿ ಬಿಸಿಯಾಯಿತು. ಪೂಜೆಯ ಮನೆಯಲ್ಲಿ ಹಾಗಾದಾಗ ತಾನೂ ನಗುತ್ತಿದ್ದೆ ಎಂದು ನೆನಪಾಗಿ, ನಗಲು ಬಾಯಿ ತಾನಾಗಿ ತಯಾರಾದದ್ದೂ ಗೊತ್ತಾಯಿತು. ನಗಲಿಲ್ಲ. ಎಸ್ತೆಬಾನ್ ಹದ್ದನ್ನು ಬಿಟ್ಟು ಮೊದಲ ಸಲ ಅವನ ಕಡೆ ನೋಡಿದ, ಗುದ್ದಲಿಯನ್ನು ಲಾರಿಯ ನೆರಳಿಗೆ ಒರಗಿಸಿ ತಾನೂ ನೆರಳಲ್ಲಿ ಕೂತು ಚೀಲದಿಂದ ರೊಟ್ಟಿ ತೆಗೆದ. ಹ್ಯಾರಲ್ಡ್ ಕಾರಿನ ಬಾಗಿಲು ಜಪ್ಪಿಕೊಂಡು ಹೋದ. ಒಂದು ಇಡೀ ದಿನ ಹಾಗೆ ಹೋಯಿತು. ಸಂಗನಬಸಪ್ಪ ಕಂದಕದ ಸುತ್ತ ಹಗ್ಗ ಕಟ್ಟಿ, ಅಂಚಿನಿಂದ ಅಂಚಿಗೆ ಓಡಾಡಿದ. ಒಳಗೊಳಗೇ ಒಂದು ಕೆಟ್ಟ ಆಸೆ: ಈಗ ಬೀಳಬಾರದೇ ಇದು, ಖಾಲಿ ಇರುವಾಗಲೇ ಒಂದು ಕಡೆ ಕುಸಿದು ನನ್ನ ಮಾತು ಉಳಿಸಬಾರದೇ. ಗೋಡೆ ಒಂದು ಹೆಂಟೆಯನ್ನೂ ಉದುರಿಸಲಿಲ್ಲ.

ಸಂಜೆ ಮನೆಯಲ್ಲಿ ಅವನ ಹೆಂಡತಿ ಇಂದು, ಆಸ್ಪತ್ರೆಯ ಲ್ಯಾಬಿನಿಂದ ಬಂದವಳು ಅನ್ನಕ್ಕಿಟ್ಟು, ಅವನು ಶೂ ಕೂಡ ಬಿಚ್ಚದೆ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತದ್ದನ್ನು ನೋಡಿದಳು. ಬಸವನಗುಡಿಯಲ್ಲಿ ಬೆಳೆದ ಅವಳು ಅವನ ಮೌನಗಳನ್ನು ಜ್ವರ ನೋಡುವ ಹಾಗೆ ಕೈಯಿಟ್ಟು ನೋಡುತ್ತಿದ್ದಳು.

"ಏನಾಯ್ತು ರೀ? ಆಫೀಸಲ್ಲಿ ಏನಾದ್ರೂ ಪ್ರಾಬ್ಲಮ್ಮಾ?"

"ಏನಿಲ್ಲ. ಒಬ್ಬಾವನ್ನ ತಗ್ಗಿನ್ಯಾಗ ಇಳಸಲಿಲ್ಲ."

"ಇಳಿಸದೇ ಇದ್ದಿದ್ದಕ್ಕೆ ಇಷ್ಟು ಸಪ್ಪಗಾಗಿದೀರಾ?"

ಅವನು ಹೇಳಿಬಿಡಬಹುದಿತ್ತು. ಹದಿಮೂರು ವರ್ಷದ ಸಂಸಾರದಲ್ಲಿ ಕಾಲುವೆಯ ಮಾತು ಬಂದಾಗಲೆಲ್ಲ ಅವನು ಹೇಳುತ್ತಿದ್ದುದು ಸೆಕೆ, ಚೇಳು, ಮೋಟರ್‌ಸೈಕಲ್ಲು ಇಷ್ಟೇ. ಕುಕ್ಕರು ಕೂಗಿತು, ಇಂದು ಒಲೆಯ ಕಡೆ ತಿರುಗಿದಳು, ಅವನು ಶೂ ಬಿಚ್ಚಲು ಬಾಗಿದ.

ಮರುದಿನ ಹಲಗೆಗಳೂ ಜ್ಯಾಕುಗಳೂ ಬಂದವು. ಎರಡೂ ಗೋಡೆಗೆ ಅಲ್ಲಲ್ಲಿ ಸಂದು ಬಿಟ್ಟು ಹಲಗೆ ನಿಲ್ಲಿಸಿ, ನಡುವೆ ಜ್ಯಾಕು ಕೊಟ್ಟು ಬಿಗಿ ಮಾಡಿ, ಮೊದಲು ತಾನಿಳಿದು, ಆಮೇಲೆ ಎಸ್ತೆಬಾನನನ್ನು ಕರೆದ. ಸಂದುಗಳಲ್ಲಿ ಎಸ್ತೆಬಾನ್ ಗುದ್ದಲಿಯ ಅಂಚಿನಿಂದ ನಯವಾಗಿ, ಹೊಟ್ಟು ಊದುವ ಹಾಗೆ ಕೆರೆಯುತ್ತ ಹೋದ. ಯಂತ್ರ ಬಳಿದಿದ್ದ ಕೆಸರಿನ ಪದರ ಕಳಚಿ ಕಟ್ಟೆಯ ಒಳಮೈ ಕಂಡಿತು. ಸಂಗನಬಸಪ್ಪ ಅಳತೆಪಟ್ಟಿಯನ್ನು ಕೈಯಲ್ಲಿ ಹಿಡಿದು ಅದನ್ನು ಮರೆತ. ಆರು ಅಂಗುಲಕ್ಕೊಂದು ಪದರ. ಒಂದು ಕೆಂಪು, ಒಂದು ಕಂದು, ಮತ್ತೆ ಕೆಂಪು. ನೂಲು ಹಿಡಿದಂತೆ ಸಮ, ಕಂದಕದ ಈ ತುದಿಯಿಂದ ಆ ತುದಿಗೆ ಒಂದು ಕಡೆಯೂ ಸೊಟ್ಟ ಹೋಗಿರಲಿಲ್ಲ. ಪದರ ಪದರದ ಸಂದಿನಲ್ಲಿ ಅರ್ಧಚಂದ್ರದ ಒತ್ತುಗಳು: ಕಾಗದಗಳಲ್ಲಿ ಓದಿದ್ದ, ನೀರು ಚಿಮುಕಿಸಿದ ಜೇಡಿಯ ಮೇಲೆ ಕುದುರೆಗಳ ಹಿಂಡನ್ನು ಹಿಂದೆ ಮುಂದೆ ಓಡಿಸಿ ತುಳಿಸುತ್ತಿದ್ದರು ಎಂದು. ಬೆರಳು ಊರಿದ, ಉಗುರು ಕೂಡ ಇಳಿಯಲಿಲ್ಲ. ಈಗಿನ ಉರುಳೆಯಂತ್ರಗಳಿಂದ ಇಂಥ ಮಣ್ಣು ಮಾಡಿಸಲು ಅವನು ಎಷ್ಟು ಗುತ್ತಿಗೆದಾರರ ಜೊತೆ ಜಗಳವಾಡಿದ್ದ. ಒಂದು ಗಾಡಿ ಮಣ್ಣು ಹೆಚ್ಚು ಸುರಿದು ಪದರ ದಪ್ಪ ಮಾಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ಮೇಲೆ ಇನ್ನೊಂದು ಪದರ ಬಿದ್ದ ಮೇಲೆ ಲೋಕದ ಯಾವ ಕಣ್ಣೂ ಅದನ್ನು ನೋಡಲಾರದು. ಏಳು ಜನರನ್ನು ಹೂತು, ನಾಲ್ಕು ದಿನ ಹಸಿದು, ಮತ್ತೆ ಬಂದು, ಯಾರೂ ನೋಡದ ಜಾಗದಲ್ಲಿ ಹೀಗೆ ಕೆಲಸ ಮಾಡಿದ್ದರು. ಟ್ರಾಸ್ಕನಿಗಾಗಿ ಅಲ್ಲ ಅನ್ನಿಸಿತು. ಕೆಲಸಕ್ಕೇ ಸಲ್ಲುವ ಮರ್ಯಾದೆ ಅದು, ಅಷ್ಟೇ. ಎಸ್ತೆಬಾನ್ ಪಕ್ಕದಲ್ಲಿ ನಿಂತು ಅಂಗೈಯಿಂದ ಒಂದು ಪದರವನ್ನು ಉದ್ದಕ್ಕೂ ಸವರಿ, "ಬ್ವೆನೋ," ಎಂದ, ಒಳ್ಳೇದು ಎಂದು. ಜೊತೆಗಾರನ ಕೆಲಸವನ್ನು ಮೆಚ್ಚುವವನ ಧಾಟಿಯಲ್ಲಿ.

ಮಧ್ಯಾಹ್ನ ಹ್ಯಾರಲ್ಡ್ ಬಂದು ಇಣುಕಿದ. ಗೋಡೆ ನೋಡಿ ಅವನ ಮುಖದ ಬಿಗಿಯೂ ಇಳಿಯಿತು. "ನೋಡಿದೆಯಾ? ಹಲಗೆ ಇಲ್ಲದಿದ್ದರೂ ಬೀಳುತ್ತಿರಲಿಲ್ಲ," ಎಂದ. "ಹೌದು, ಬೀಳುತ್ತಿರಲಿಲ್ಲ," ಎಂದು ಸಂಗನಬಸಪ್ಪ ಒಪ್ಪಿಕೊಂಡ. ಒಪ್ಪಿಕೊಳ್ಳುವುದು ಅಷ್ಟು ಸುಲಭವಾದದ್ದು ಅವನಿಗೇ ಆಶ್ಚರ್ಯವಾಯಿತು.

ಕಂದಕ ಮುಚ್ಚುವ ಮುಂಚಿನ ಭಾನುವಾರ ಅವನು ಓಕ್‌ಲಂಡಿಗೆ ಹೋಗಿ ಎಡ್ನಾ ಲಮ್‌ಳನ್ನು ಕಾರಿನಲ್ಲಿ ಕರೆತಂದ. ಎಪ್ಪತ್ತಾರು ವರ್ಷದ ಹೆಂಗಸು ಕೈಚೀಲವನ್ನು ಅವನಿಗೆ ಕೊಟ್ಟು, ಬೇಡವೆಂದರೂ ಕೇಳದೆ, ಏಣಿಗೆ ಮುಖ ಮಾಡಿ ಒಂದೊಂದೇ ಮೆಟ್ಟಿಲು ಇಳಿದಳು. ಕೆಳಗೆ ಹಲಗೆಗಳ ಸಂದಿಗೆ ಮುಖ ತಂದು ನೋಡಿದಳು. ಪದರಗಳನ್ನು ಬೆರಳಿನಿಂದ ಎಣಿಸಿದಳು. ಒಂದು ಪದರಕ್ಕೆ ಎಷ್ಟು ದಿನ ಹಿಡಿಯುತ್ತಿತ್ತು ಎಂದು ಕೇಳಿದಳು. ಎರಡು ದಿನ ಹಿಡಿದಿರಬಹುದು ಎಂದ. ಹಾಗಾದರೆ ಇದರಲ್ಲಿ ಯಾವುದೋ ಒಂದು ಅಜ್ಜ ಇದ್ದ ದಿನದ್ದು ಎಂದು ಹಲಗೆ ಹಿಡಿದುಕೊಂಡಳು. ಆಗ, ಅವಳು ಬೆನ್ನು ಮಾಡಿ ನಿಂತಿದ್ದಾಗ, ಸಂಗನಬಸಪ್ಪ ಹೇಳಿಬಿಟ್ಟ. ಬಿರುಕು, ಮೋಟರ್‌ಸೈಕಲ್ಲು, ಎಲೆ ಅಡಿಕೆ, ನಾಗವ್ವ ತನ್ನ ಮುಖ ನೋಡಿ ಇಳಿದದ್ದು, ವಾಕ್ಯ, ಲಕೋಟೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಅದು ಚಿಕ್ಕದಾಗಿ, ಒಣಗಿ ಹೊರಬಂತು. ಅವಳು ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ತಿರುಗಿ ಕೇಳಿದಳು:

"ಆಮೇಲೆ ಅವರಿಗೆ ಮರ ಸಿಕ್ಕಿತಾ?"

"ಗೊತ್ತಿಲ್ಲ. ನಾನು ಬಂದುಬಿಟ್ಟೆ."

"ಕೇಳಬಹುದಲ್ಲ. ಹದಿನೈದು ವರ್ಷ ಹೆಚ್ಚಲ್ಲ. ನನ್ನ ಕಡೆಯಲ್ಲಿ ಕೇಳೋಕೆ ಯಾರೂ ಉಳಿದಿಲ್ಲ."

ಅವನು ಇಂದುವಿಗೆ ಅದೇ ಸಂಜೆ ಎಲ್ಲವನ್ನೂ ಹೇಳಿದ, ಕನ್ನಡದಲ್ಲಿ, ಅದು ಇಂಗ್ಲಿಷಿನಲ್ಲಿ ಇದ್ದದ್ದಕ್ಕಿಂತ ಬಹಳ ದೊಡ್ಡದಾಗಿತ್ತು. ಇಂದು ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂತು ಕೇಳಿ, "ನಂಗೆ ಯಾಕ್ ಹೇಳ್ಲಿಲ್ಲ ಅಂತ ಇವತ್ತು ಕೇಳಲ್ಲ. ಮೊದ್ಲು ಕಾಗದ ಬರೀರಿ," ಎಂದಳು. ಕಾಲುವೆಯ ಕೆಲಸದ ಮೇಸ್ತ್ರಿ ಕುಬೇರಪ್ಪನ ಊರಿನ ಹೆಸರಷ್ಟೇ ನೆನಪಿತ್ತು. ವಿಳಾಸದಲ್ಲಿ ಅಷ್ಟನ್ನೇ ಬರೆದು ಉಳಿದದ್ದನ್ನು ಪೋಸ್ಟ್‌ಮಾಸ್ತರರಿಗೆ ಬಿಟ್ಟ.

ಅಷ್ಟರಲ್ಲಿ ವರದಿ ಸಿದ್ಧವಾಯಿತು. ಹೊರಮೈಗೆ ಮಣ್ಣಿನ ಒಂದು ದಿಂಡು ಕಟ್ಟಿ ಬಲ ಕೊಟ್ಟರೆ ಸಾಕು, ಒಳಗಿನ ಜೇಡಿಯನ್ನು ಮುಟ್ಟಬೇಕಾದ್ದಿಲ್ಲ ಎಂದು ಸಂಗನಬಸಪ್ಪ ಬರೆದಿದ್ದ. ಇತಿಹಾಸದ ಭಾಗದಲ್ಲಿ ಮರ ಕೇಳಿದ್ದು, ಕೊಡದಿದ್ದದ್ದು, ಏಳು ಸಾವು, ನಾಲ್ಕು ದಿನ ಎಲ್ಲ ಇತ್ತು. ಹ್ಯಾರಲ್ಡ್ ಅದರಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿ, ಇದು ಎಂಜಿನಿಯರಿಂಗ್ ವರದಿ ಎಂದ. ಎರಡು ದಿನ ಜಗ್ಗಾಟ ನಡೆದು, ಕಾಗದಗಳ ನಕಲನ್ನು ಅನುಬಂಧದಲ್ಲಿ ಸೇರಿಸುವುದಕ್ಕೂ, ಕಟ್ಟೆಯ ಗಟ್ಟಿತನಕ್ಕೆ ಅದನ್ನು ಕಟ್ಟಿದ ಚೀನೀ ಕೆಲಸಗಾರರ ಅಸಾಧಾರಣ ಕುಶಲತೆಯೇ ಕಾರಣ ಎಂಬ ವಾಕ್ಯ ಉಳಿಸುವುದಕ್ಕೂ ಒಪ್ಪಿದ. ವಾಕ್ಯ ಓದಿ, "ನಿಜವೇ ಅಲ್ಲವಾ," ಎಂದು ಗೊಣಗಿ ಸಹಿ ಮಾಡಿದ.

ಕುಬೇರಪ್ಪನ ಕಾಗದ ಜನವರಿಯಲ್ಲಿ ಬಂತು. ನೀಲಿ ಏರೋಗ್ರಾಮಿನ ಮಡಿಕೆಗಳಲ್ಲಿ ಒತ್ತೊತ್ತಾಗಿ ಬರೆದಿದ್ದ.

"ಸಾಹೇಬರಿಗೆ ಕುಬೇರಪ್ಪ ಮೇಸ್ತ್ರಿಯ ಶರಣು. ನೀವು ಕೇಳಿದ್ದಕ್ಕ ಹೇಳತೀನಿ. ಮಣ್ಣು ಬಿದ್ದ ಮೂರನೆ ದಿವಸ ನೀವು ಬೆಂಗಳೂರಿಗೆ ಹೋದಿರಿ. ನಾಲ್ಕನೆ ದಿವಸ ನಾಗವ್ವನ ಅಕ್ಕ ಕಮಲವ್ವ ತಗ್ಗಿನ ದಂಡಿ ಮ್ಯಾಲೆ ಹೋಗಿ ಕುಂತಳು. ಅಕಿ ಕುಂತದ್ದು ನೋಡಿ ಹೆಣ್ಣಮಕ್ಕಳೆಲ್ಲಾ ಕುಂತರು. ಸಂಜೀಕ ಗಂಡಸರೂ ಕುಂತರು. ವ್ಯಾಸರಾಜ ಸಾಹೇಬರು ಪೊಲೀಸರನ್ನ ಕರಸ್ತೀನಿ ಅಂದರು. ಕರಸ್ರಿ, ಬರೂ ಮುಂದ ಮರ ತರ್ರಿ ಅಂತ ಹೇಳ್ರಿ, ಅಂದಳು ಕಮಲವ್ವ. ಮಂತ್ರಿಗಳು ಬಂದು ನೋಡಿ ಹೋದರು. ಹನ್ನೊಂದು ದಿವಸ ಒಬ್ಬರೂ ಬುಟ್ಟಿ ಮುಟ್ಟಲಿಲ್ಲ. ಹನ್ನೆರಡನೆ ದಿವಸ ಎರಡು ಲಾರಿ ಮರ ಬಂತು. ಆ ಮ್ಯಾಲೆ ನಮ್ಮ ಕಾಲುವಿಯೊಳಗ ಯಾರೂ ಸಾಯಲಿಲ್ಲ. ನೀರು ಈಗ ನಮ್ಮ ಹೊಲಕ್ಕೂ ಬರತೈತಿ. ಈ ಸುದ್ದಿ ನಿಮಗ ಆವಾಗೇ ಯಾರಾರ ತಿಳಿಸಿದ್ದಾರು ಅಂತ ನಾ ಅನಕೊಂಡಿದ್ದೆ."

ಸಂಗನಬಸಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ಓದಿದ. ಹದಿನೈದು ವರ್ಷ ಅವನ ನೆನಪಿನಲ್ಲಿ ಅವರೆಲ್ಲ ಅವನು ಬಿಟ್ಟುಬಂದ ಜಾಗದಲ್ಲೇ, ಬುಟ್ಟಿ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ತಾನು ಮಾತಾಡಲಿಲ್ಲವಾದ್ದರಿಂದ ಅವರ ಪರವಾಗಿ ಯಾರೂ ಮಾತಾಡಲಿಲ್ಲ ಎಂದು ತಿಳಿದಿದ್ದ. ತನ್ನ ತಪ್ಪನ್ನು ಅಷ್ಟು ದೊಡ್ಡದು ಮಾಡಿಕೊಂಡು, ಕಮಲವ್ವ ಎಂಬ ಹೆಂಗಸು ಇರುವುದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಅವಳ ಮುಖ ನೆನೆಯಲು ನೋಡಿದ, ಆಗಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಎದೆಯಲ್ಲಿ ಬಹಳ ಕಾಲದಿಂದ ಮಡಚಿಟ್ಟದ್ದೇನೋ ಬಿಚ್ಚಿಕೊಂಡು, ಎದ್ದು ನಿಲ್ಲಬೇಕೆನ್ನಿಸಿತು. ಎದ್ದು ಫೋನಿನ ಹತ್ತಿರ ಹೋದ.

ಎಡ್ನಾ ಲಮ್ ಎರಡನೆಯ ಗಂಟೆಗೇ ಎತ್ತಿದಳು. ಅವನು ಕಾಗದವನ್ನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತ ಹೋದ. ಕಮಲವ್ವನ ಮಾತು ಬಂದಾಗ ಮೊದಲು ಕನ್ನಡದಲ್ಲೇ ಓದಿ, ಆಮೇಲೆ ಅರ್ಥ ಹೇಳಿದ.

"ಎಷ್ಟು ದಿನ ಅಂದಿರಿ?"

"ಹನ್ನೊಂದು."

"ನಮ್ಮವರು ನಾಲ್ಕೇ ದಿನ," ಎಂದಳು. ಆ ದನಿಯಲ್ಲಿ ಸಣ್ಣದೊಂದು ಹೊಟ್ಟೆಕಿಚ್ಚಿತ್ತು.